ತಂಗಿಯ ರಿಪೋರ್ಟ್ ಬಂದ ಮೇಲೆ ನಾನು ಯಾರನ್ನು ಕೇಳಿದೆ

ತಂಗಿ ಆಗ ನಾಲ್ಕು ತಿಂಗಳ ಬಸುರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಬಸುರಿಯರಿಗೆಲ್ಲ ಮಾಡುವ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಅಂತ ಬಂತು. ವಾರದೊಳಗೆ ಅವಳ ಗಂಡನಿಗೂ ಇದೆ ಅಂತ ಗೊತ್ತಾಯಿತು. ಮನೆಯಲ್ಲಿ ನಾಲ್ಕಕ್ಷರ ಕಲಿತವಳು ನಾನೇ. ಎಲ್ಲರೂ ನನ್ನ ಮುಖ ನೋಡಿದರು.

ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕಿದೆ. ಅದೇ ತಪ್ಪಾಯಿತು. ಬೇರಿನ ಪುಡಿಯಿಂದ ಪೂರ್ತಿ ವಾಸಿ ಅಂತ ಒಂದು ವಿಡಿಯೊ ಸಿಕ್ಕಿತು. ಫೋನ್ ಮಾಡಿದರೆ ಮುಂಗಡ 15 ಸಾವಿರ ಕೇಳಿದರು. ಅವ್ವ ಬಳೆ ಬಿಚ್ಚೋಕೆ ತಯಾರಾಗಿದ್ದಳು.

ಮರುದಿನ ಮಾಳಿಗೆ ಹತ್ತಿ ಏಡ್ಸ್ ಸಹಾಯವಾಣಿ 1097ಕ್ಕೆ ಮಾಡಿದೆ. ದುಡ್ಡು ಬೀಳಲ್ಲ. ಕನ್ನಡದಲ್ಲೇ ಮಾತಾಡಿದರು, ಹೆಸರು ಕೇಳಲಿಲ್ಲ. ಮಗುವಿಗೆ ಬರುತ್ತಾ ಅಂತ ಕೇಳಿದೆ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಬರಬಹುದು, ಸರಿಯಾಗಿ ತಗೊಂಡರೆ 5ಕ್ಕಿಂತ ಕಡಿಮೆ ಅಂದರು. ಅದನ್ನು ಕ್ಯಾಲೆಂಡರ್ ಹಿಂದೆ ಬರೆದುಕೊಂಡೆ.

ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ, ದಿನಕ್ಕೆ ಒಂದೇ. ಡಬ್ಬಿ ಗಲಗಲ ಸದ್ದು ಮಾಡುತ್ತಿತ್ತು, ಪಕ್ಕದ ಮನೆಯವರು ಏನದು ಅಂತ ಕೇಳಿದರು. ಲೇಬಲ್ ಕಿತ್ತು ಒಳಗೆ ಹತ್ತಿ ತುಂಬಿದೆವು.

ನಿಜವಾದ ಕಷ್ಟ ಅವ್ವನದು. ತಂಗಿಯ ತಾಟಿನ ಹಿಂದೆ ಉಗುರು ಬಣ್ಣದ ಚುಕ್ಕೆ ಇಟ್ಟು, ಅದನ್ನು ಬೇರೆ ತೊಳೆಯುತ್ತಿದ್ದಳು. ನಾನು ಎಷ್ಟು ಓದಿ ಹೇಳಿದರೂ ಕೇಳಲಿಲ್ಲ. ಮುಂದಿನ ಸಲ ಅವಳನ್ನೂ ಬಸ್ ಹತ್ತಿಸಿದೆ. ಆಪ್ತ ಸಮಾಲೋಚಕಿ ಭಾಷಣ ಮಾಡಲಿಲ್ಲ. ‘ಮನಸಿನ್ಯಾಗ ಏನೈತಿ ಕೇಳ್ರೀ ಯವ್ವಾ’ ಅಂದರು.

‘ತಾಟು ಬ್ಯಾರೆ ಇಡಬೇಕೇನ್ರೀ? ಕೂಸಿಗೆ ಮುತ್ತು ಕೊಡಬಹುದೇನ್ರೀ?’

‘ಒಂದ ತಾಟಿನ್ಯಾಗ ಉಣ್ರಿ, ಏನೂ ಆಗಂಗಿಲ್ಲ.’

ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ತಾಯಿ ಕೂತಿದ್ದರು. ತನಗೆ ಎಚ್‌ಐವಿ ಇದೆ, ಮಗನಿಗೆ ಇಲ್ಲ ಅಂದರು. ಐದು ವರ್ಷದ ಆ ಹುಡುಗ ಬಿಸ್ಕತ್ತು ತಿನ್ನುತ್ತಾ ಓಡಾಡುತ್ತಿದ್ದ. ಅವ್ವ ಅವನನ್ನೇ ನೋಡುತ್ತಿದ್ದಳು. ನನಗನಿಸುತ್ತೆ, ಸಮಾಲೋಚಕಿಗಿಂತ ಆ ಹುಡುಗನ ಮಾತೇ ಜಾಸ್ತಿ ನಾಟಿತು, ಅವನು ಒಂದು ಮಾತೂ ಆಡದಿದ್ದರೂ.

ಹೆರಿಗೆಗೆ ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋದೆವು. ರಿಪೋರ್ಟ್ ನೋಡಿದ ಮೇಲೆ ‘ಬೆಡ್ ಇಲ್ಲ’ ಅಂದರು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಇದೇ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ನನಗೆ ಗೊತ್ತಿತ್ತು, ಆದರೆ ನೋವು ತಿನ್ನುತ್ತಿದ್ದ ತಂಗಿಯನ್ನು ಇಟ್ಟುಕೊಂಡು ಜಗಳ ಹೇಗೆ ಮಾಡೋದು? ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು.

ಕೂಸಿಗೆ ಸೋಂಕು ತಗುಲದಂತೆ ಆರು ವಾರ ನೆವಿರಪಿನ್ ಅನ್ನುವ ಸಿರಪ್ ಹಾಕಿದೆವು. ಹಿಮ್ಮಡಿ ಚುಚ್ಚಿ ರಕ್ತ ತೆಗೆದಾಗ ಅದಕ್ಕಿಂತ ಅವ್ವನೇ ಜೋರಾಗಿ ಅತ್ತಳು. 18 ತಿಂಗಳಿಗೆ ಕೊನೆಯ ಪರೀಕ್ಷೆಯೂ ಆಯಿತು, ಎಚ್‌ಐವಿ ಇಲ್ಲ. ಈಗ ಆ ಚುಕ್ಕೆ ತಾಟಿನಲ್ಲೇ ಅವ್ವ ಕೂಸಿಗೆ ಅನ್ನ ಕಲಸುತ್ತಾಳೆ.

ತಂಗಿಯ ಗಂಡ ಮಾತ್ರ ಇವತ್ತಿಗೂ ಕೇಂದ್ರದ ಗೇಟಿನವರೆಗೆ ಬಂದು ಆಚೆಯ ಚಹಾದಂಗಡಿಯಲ್ಲೇ ನಿಲ್ಲುತ್ತಾನೆ. ಪ್ರತಿ ಸಲ ನಾನೇ ಹೋಗಿ ಕರೆಯಬೇಕು.