ಕಡೆಯ ಬಸ್ಸು ತಪ್ಪದಂತೆ ಕೊಡಗು ನೋಡುವ ಬಗೆ

ಕೊಡಗಿನ ಪ್ರವಾಸ ದುಬಾರಿ ಎಂಬ ಮಾತು ಅರ್ಧ ಮಾತ್ರ ನಿಜ. ತೋಟದ ನಡುವಿನ ರೆಸಾರ್ಟು, ಬೆಂಗಳೂರಿನಿಂದಲೇ ಬಾಡಿಗೆಗೆ ಹಿಡಿದು ತಂದ ಕಾರು, ಶನಿವಾರ ಭಾನುವಾರಗಳ ಜನಜಂಗುಳಿ, ಈ ಮೂರನ್ನು ಬಿಟ್ಟರೆ ಇಲ್ಲಿಯ ಊಟಕ್ಕಾಗಲಿ ಸಾಧಾರಣ ವಸತಿಗಾಗಲಿ ಕೈಗೆಟುಕದ ಖರ್ಚು ಬರುವುದಿಲ್ಲ. ಜೇಬಿಗೆ ಹೊಡೆತ ಬೀಳುವುದು ಹಿಂದಿರುಗುವ ಬಸ್ಸು ತಪ್ಪಿದಾಗ. ಒಮ್ಮೆ ತಲಕಾವೇರಿಯಲ್ಲಿ ಮಂಜು ಸರಿಯಲೆಂದು ಕಾಯುತ್ತ ಕುಳಿತು, ಭಾಗಮಂಡಲಕ್ಕೆ ಇಳಿದು ಬರುವಷ್ಟರಲ್ಲಿ ಮಡಿಕೇರಿಯ ಬಸ್ಸು ಹೊರಟುಹೋಗಿತ್ತು. ಅಂದು ಜೀಪಿಗೆ ತೆತ್ತ ಹಣದಲ್ಲಿ ಇನ್ನೆರಡು ರಾತ್ರಿ ಕೊಠಡಿಯಲ್ಲಿ ಉಳಿಯಬಹುದಿತ್ತು. ಅಂದಿನಿಂದ ಯಾವ ಊರಿಗೆ ಹೋದರೂ ಬಸ್ಸಿನಿಂದ ಇಳಿಯುವಾಗಲೇ ಕಂಡಕ್ಟರರನ್ನು ಕೇಳುತ್ತೇನೆ: "ವಾಪಸು ಕಡೇ ಬಸ್ಸು ಎಷ್ಟು ಗಂಟೆಗೆ?"

ಜಿಲ್ಲೆಯೊಳಗೆ ರೈಲು ನಿಲ್ದಾಣವಿಲ್ಲ. ದೂರದಿಂದ ಬರುವವರು ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೂಲಕ ಮಡಿಕೇರಿಗೆ ಹೋಗುವ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸನ್ನು ಹಿಡಿಯುವುದು ಅಗ್ಗದ ದಾರಿ. ಸುಮಾರು 120 ಕಿಲೋಮೀಟರಿನ ಈ ಪ್ರಯಾಣಕ್ಕೆ ಮೂರು ಗಂಟೆಗೂ ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಈ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ, ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ರಾಜಹಂಸದಂತಹ ಬಸ್ಸುಗಳಿಗೂ ಖಾಸಗಿ ಬಸ್ಸುಗಳಿಗೂ ಈ ಸೌಲಭ್ಯ ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿಡಬೇಕು, ಏಕೆಂದರೆ ಮಡಿಕೇರಿಯಿಂದ ಒಳಗಿನ ಊರುಗಳಿಗೆ ಹೊರಟಾಗ ನಾವು ಹತ್ತುವುದು ಹೆಚ್ಚಾಗಿ ಖಾಸಗಿ ಬಸ್ಸನ್ನೇ. ಎರಡು ಬಸ್ ನಿಲ್ದಾಣಗಳೂ ಬೇರೆ ಬೇರೆ. ಒಂದರಲ್ಲಿ ನಿಂತು ಇನ್ನೊಂದರ ಬಸ್ಸಿಗೆ ಕಾಯುವ ತಪ್ಪನ್ನು ಹೊಸಬರೆಲ್ಲ ಒಮ್ಮೆಯಾದರೂ ಮಾಡುತ್ತಾರೆ.

ಈ ಖಾಸಗಿ ಬಸ್ಸುಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಪತ್ರಿಕೆಯ ಕಟ್ಟು, ಔಷಧಿಯ ಪೊಟ್ಟಣ, ಯಾರದೋ ಮನೆಗೆ ಹೋಗಬೇಕಾದ ಕೋಳಿ ಆಹಾರದ ಚೀಲ ಎಲ್ಲವೂ ಅದರಲ್ಲೇ ಸಾಗುತ್ತವೆ, ತೋಟದ ಗೇಟಿನೆದುರು ಬಸ್ಸು ನಿಧಾನಿಸಿದರೆ ಕಂಡಕ್ಟರ್ ಕೆಳಗಿಳಿಯದೆಯೇ ಚೀಲವನ್ನು ಕಾದು ನಿಂತವರ ಕೈಗೆ ದಾಟಿಸುತ್ತಾರೆ. ಯಾವ ತಿರುವಿನಲ್ಲಿ ಇಳಿದರೆ ಹತ್ತಿರ, ಇಂದು ಯಾವ ಬಸ್ಸು ಓಡುತ್ತಿಲ್ಲ ಎಂಬುದೆಲ್ಲ ಮೊಬೈಲಿನ ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು. ಭಾನುವಾರ ಕೆಲವು ಟ್ರಿಪ್ಪುಗಳು ಇರುವುದಿಲ್ಲವಾದ್ದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಕ್ಷೇಮ.

ಇಡೀ ಜಿಲ್ಲೆಯನ್ನು ಒಂದೇ ಊರಿನಲ್ಲಿ ತಂಗಿ ನೋಡಲು ಹೊರಟರೆ ದಿನದ ಅರ್ಧ ಭಾಗ ರಸ್ತೆಯಲ್ಲೇ ಕಳೆದುಹೋಗುತ್ತದೆ. ಮೂರು ದಿನವಿದ್ದರೆ ಒಂದು ರಾತ್ರಿ ಕುಶಾಲನಗರದಲ್ಲಿ, ಎರಡು ರಾತ್ರಿ ಮಡಿಕೇರಿಯಲ್ಲಿ ಎಂದು ಹಂಚಿಕೊಳ್ಳುವುದು ನನ್ನ ಅನುಭವದಲ್ಲಿ ಸರಿಹೊಂದುವ ಲೆಕ್ಕ. ಕುಶಾಲನಗರದಿಂದ ಕಾವೇರಿ ನಿಸರ್ಗಧಾಮ ಕೂಗಳತೆಯಲ್ಲಿದೆ; ಜಿಲ್ಲೆಯ ಗಡಿಯಾಚೆ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಬೈಲಕುಪ್ಪೆಯ ಸ್ವರ್ಣಮಂದಿರಕ್ಕೆ ಆಟೋ ಸಾಕು, ಪ್ರವೇಶಕ್ಕೆ ಹಣವಿಲ್ಲ. ದುಬಾರೆಯ ಆನೆ ಶಿಬಿರಕ್ಕೆ ಬೆಳಿಗ್ಗೆ ಆನೆಗಳಿಗೆ ಸ್ನಾನ ಮಾಡಿಸುವ ಹೊತ್ತಿಗೇ ಹೋಗಬೇಕು, ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲುತ್ತದೆ. ಇರ್ಪು ಜಲಪಾತ ಮತ್ತು ನಾಗರಹೊಳೆಯ ಕಡೆಗೆ ಮನಸ್ಸಿರುವವರು ಮಡಿಕೇರಿಯನ್ನು ಬಿಟ್ಟು ಗೋಣಿಕೊಪ್ಪಲಿನಲ್ಲಿ ತಂಗುವುದು ಲೇಸು.

ಮಡಿಕೇರಿ ಪಟ್ಟಣವನ್ನು ನಡೆದೇ ನೋಡಬೇಕು, ಏರು ತಗ್ಗುಗಳಿಗೆ ಕಾಲು ಸಿದ್ಧವಿದ್ದರೆ ಸಾಕು. ಕೋಟೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ರಾಜರ ಸಮಾಧಿಗಳಿರುವ ಗದ್ದುಗೆ, ಸಂಜೆಗೆ ರಾಜಾಸೀಟು, ಇಷ್ಟಕ್ಕೆ ಒಂದು ದಿನ ಧಾರಾಳ. ಬೆಟ್ಟದ ಮೇಲಿನ ನೋಟದ ತಾಣವಾದ ಮಾಂದಲಪಟ್ಟಿಗೆ ಜೀಪನ್ನೇ ನೆಚ್ಚಬೇಕಾದ್ದರಿಂದ, ಬಾಡಿಗೆ ಹಂಚಿಕೊಳ್ಳಲು ಐದಾರು ಜನ ಸಿಗದಿದ್ದರೆ ಇಬ್ಬರೇ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅದೇ ಹಣದಲ್ಲಿ ಕಕ್ಕಬ್ಬೆಗೆ ಹೋಗಿ ಬರಬಹುದು.

ಕಕ್ಕಬ್ಬೆಯ ದಾರಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಾಪೋಕ್ಲು ಮಾರ್ಗವಾಗಿ ಬೆಳಗಿನ ಬಸ್ಸು ಹಿಡಿದು, ಕಕ್ಕಬ್ಬೆ ದಾಟಿ ಕಬ್ಬಿನಕಾಡಿನಲ್ಲಿ ಇಳಿದು, ಕಾಫಿ ತೋಟಗಳ ನಡುವಿನ ಏರುದಾರಿಯಲ್ಲಿ ನಡೆದರೆ ನಾಲ್ಕುನಾಡು ಅರಮನೆ ಸಿಗುತ್ತದೆ. 1792ರಿಂದ 1794ರ ನಡುವೆ ದೊಡ್ಡವೀರರಾಜೇಂದ್ರ ಕಟ್ಟಿಸಿದ ಈ ಮನೆ ಅರಮನೆ ಎಂಬ ಹೆಸರಿಗೆ ಚಿಕ್ಕದೇ. ಶತ್ರುಗಳಿಗೆ ಸುಲಭವಾಗಿ ಕಾಣದಿರಲೆಂದು ಕಾಡಿನ ಮಡಿಲಲ್ಲಿ ಎತ್ತಿದ ಎರಡಂತಸ್ತಿನ ಕಟ್ಟಡ, ಎದುರಿಗೊಂದು ಪುಟ್ಟ ಮಂಟಪ. ಒಳಗಿನ ಮರದ ಕೆತ್ತನೆಯನ್ನೂ ಮಾಡಿನ ಚಿತ್ತಾರವನ್ನೂ ನೋಡುವಾಗ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು, ಹೊರಗಿನ ಬಿಸಿಲಿನಿಂದ ಬಂದವರಿಗೆ ಮೊದಲು ಏನೂ ಕಾಣುವುದಿಲ್ಲ. ಇಲ್ಲಿಂದಲೇ ಜಿಲ್ಲೆಯ ಅತಿ ಎತ್ತರದ ಶಿಖರವಾದ, 1,748 ಮೀಟರಿನ ತಡಿಯಂಡಮೋಳಿಗೆ ಚಾರಣದ ದಾರಿ ಆರಂಭವಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಮತ್ತು ಶುಲ್ಕದ ವಿಷಯವನ್ನು ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಶಿಖರ ಹತ್ತುವವರು ಆ ರಾತ್ರಿ ಅಲ್ಲೇ ಸುತ್ತಮುತ್ತಲ ಹೋಂಸ್ಟೇಯಲ್ಲಿ ಉಳಿಯುವುದು ವಾಸಿ. ಬಸ್ಸಿನ ವೇಳೆಗೆ ಓಡೋಡಿ ಇಳಿಯುವುದು ಮೊಣಕಾಲಿಗೂ ಒಳ್ಳೆಯದಲ್ಲ.

ಹೋಂಸ್ಟೇ ಗೊತ್ತುಮಾಡುವಾಗ ಹೇಳುವ ದರ ಕೊಠಡಿಗೋ ತಲೆಗೋ, ಅದರಲ್ಲಿ ಬೆಳಗಿನ ತಿಂಡಿ ಮತ್ತು ರಾತ್ರಿಯೂಟ ಸೇರಿದೆಯೋ ಇಲ್ಲವೋ, ಬಸ್ಸು ನಿಲ್ಲುವ ಜಾಗದಿಂದ ಎಷ್ಟು ದೂರ ಎಂಬ ಮೂರನ್ನೂ ಫೋನಿನಲ್ಲೇ ಕೇಳಬೇಕು. ದರ ಅಗ್ಗವೆಂದು ತೋಟದೊಳಗೆ ನಾಲ್ಕು ಕಿಲೋಮೀಟರ್ ದೂರದ ಮನೆಯನ್ನು ಹಿಡಿದರೆ ಉಳಿದ ಹಣ ಆಟೋಕ್ಕೆ ಹೋಗುತ್ತದೆ, ಮೇಲಾಗಿ ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಕತ್ತಲಾದ ಮೇಲೆ ನಡೆದು ಹೋಗುವಂತೆಯೇ ಇಲ್ಲ. ಒಬ್ಬರೇ ಬಂದವರಿಗೆ ಬಸ್ ನಿಲ್ದಾಣದ ಹತ್ತಿರದ ಲಾಡ್ಜೇ ಅನುಕೂಲ.

ಊಟಕ್ಕೆ ಪೇಟೆಯ ಸಣ್ಣ ಹೋಟೆಲುಗಳಿವೆ. ಕಡಂಬುಟ್ಟು (ಅಕ್ಕಿತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಪದಾರ್ಥ), ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಇವನ್ನು ಪ್ರವಾಸಿಗರಿಗೆಂದೇ ಅಲಂಕರಿಸಿದ ಜಾಗಗಳಿಗಿಂತ ಊರಿನವರು ಮಧ್ಯಾಹ್ನ ಉಣ್ಣುವ ಕಡೆ ತಿಂದರೆ ರುಚಿಯೂ ಸರಿಯಿರುತ್ತದೆ, ಬಿಲ್ಲೂ ಸರಿಯಿರುತ್ತದೆ. ಮಳೆಗಾಲದಲ್ಲಿ ಬಂದವರು ಕಣಿಲೆಯ, ಅಂದರೆ ಎಳೆಬಿದಿರಿನ, ಪಲ್ಯ ಇದೆಯೇ ಎಂದು ಕೇಳಿ ನೋಡಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಠಡಿಗಳ ದರ ಇಳಿದಿರುತ್ತದೆ, ಜಲಪಾತಗಳು ಮೈದುಂಬಿರುತ್ತವೆ, ಆದರೆ 2018ರ ಆಗಸ್ಟಿನ ಭೂಕುಸಿತವನ್ನು ಕಂಡ ಜಿಲ್ಲೆಯಿದು. ಮಳೆ ಜೋರಾದ ದಿನ ಸಂಪಾಜೆ, ಮಾಕುಟ್ಟ ಘಾಟಿಗಳ ಪ್ರಯಾಣವನ್ನು ಮುಂದೂಡಬೇಕು. ಜಿಗಣೆಗೆ ಉಪ್ಪಿನ ಪೊಟ್ಟಣ ಜೊತೆಗಿರಲಿ. ತುಲಾ ಸಂಕ್ರಮಣದ ತೀರ್ಥೋದ್ಭವ ಮತ್ತು ಮಡಿಕೇರಿ ದಸರಾದ ದಿನಗಳಲ್ಲಿ ಕೊಠಡಿ ಸಿಗುವುದೇ ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಯ ಹೂವರಳಿಸುವ ಹೂಮಳೆ ಬಿದ್ದ ಬಳಿಕ ತೋಟಗಳು ಬೆಳ್ಳಗೆ ಅರಳುತ್ತವೆ. ಆ ಪರಿಮಳಕ್ಕೆ ಟಿಕೆಟ್ಟಿಲ್ಲ, ಬಸ್ಸಿನ ಕಿಟಕಿ ತೆರೆದಿದ್ದರಾಯಿತು.

ಮನೆಗೆ ಕೊಂಡೊಯ್ಯುವ ಕಾಳುಮೆಣಸು, ಏಲಕ್ಕಿಗಳನ್ನು ನೋಟದ ತಾಣಗಳ ಮುಂದಿನ ಅಂಗಡಿಗಳಲ್ಲಿ ಕೊಳ್ಳದೆ, ಮಡಿಕೇರಿಯಲ್ಲಿ ಶುಕ್ರವಾರ ಇದ್ದರೆ ಸಂತೆಯಲ್ಲಿ ಬೆಲೆ ಕೇಳಿ ನೋಡಬೇಕು. ಕಾಫಿಪುಡಿಯನ್ನು ಹುರಿದು ಪುಡಿಮಾಡುವ ಅಂಗಡಿಯಲ್ಲೇ ಕೊಂಡು, ಚಿಕೋರಿ ಬೇಡವಾದರೆ ತೂಗುವ ಮೊದಲೇ ಹೇಳಬೇಕು.