ವಿಜಯಪುರದಲ್ಲಿ ಒಂದು ದಿನ, ಜೇಬಿನಲ್ಲಿ ಐನೂರು ರೂಪಾಯಿ

ಗೋಲಗುಂಬಜ್‌ಗೆ ಮೊದಲ ಸಲ ಹೋದಾಗ ಮಧ್ಯಾಹ್ನ ಆಗಿತ್ತು. ಪಿಸುಗುಟ್ಟುವ ಗ್ಯಾಲರಿಯ ತುಂಬ ಶಾಲೆ ಮಕ್ಕಳು, ಎಲ್ಲರೂ ಕೂಗುವವರೇ. ಹತ್ತು ನಿಮಿಷಕ್ಕೆ ಕಿವಿ ಮುಚ್ಚಿಕೊಂಡು ಇಳಿದುಬಿಟ್ಟಿದ್ದೆ.

ಹಾಗಾಗಿ ಈ ಸಲ ರಾತ್ರಿ ರೈಲಿನಿಂದ ಬೆಳಿಗ್ಗೆ ಇಳಿದವನೇ ನಿಲ್ದಾಣದಲ್ಲೇ ಮುಖ ತೊಳೆದು, ಬ್ಯಾಗ್ ಹೆಗಲಿಗೇರಿಸಿ ನಡೆದೆ. ಗುಂಬಜ್ ಅಲ್ಲಿಂದ ದೂರವೇನಿಲ್ಲ. ಲಾಡ್ಜ್ ಖರ್ಚೂ ಉಳಿಯಿತು. ಟಿಕೆಟ್ 25 ರೂಪಾಯಿ. ಮೂಲೆಯ ಗೋಪುರದೊಳಗಿನ ಕಡಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಗುಮ್ಮಟದ ಒಳಗೆ ಹೋದರೆ, ಅಲ್ಲಿದ್ದವರು ಒಬ್ಬ ಅಪ್ಪ, ಒಬ್ಬಳು ಪುಟ್ಟ ಹುಡುಗಿ, ಅಷ್ಟೇ. ಅವರು ಆ ತುದಿ, ನಾನು ಈ ತುದಿ. ನಡುವೆ ಸುಮಾರು 38 ಮೀಟರ್ ಬಯಲು, ಕೆಳಗೆ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಗೋರಿ. ಸುಮ್ನೆ ಗೋಡೆಗೆ ಕಿವಿ ಇಟ್ಟೆ.

"ಹಸಿವಾಗೇತೇನವಾ?"

ನನ್ನ ಪಕ್ಕದಲ್ಲೇ ನಿಂತು ಕೇಳಿದ ಹಾಗಿತ್ತು! ತಿರುಗಿ ನೋಡಿದೆ, ಯಾರೂ ಇಲ್ಲ. ಆ ಕಡೆ ಅಪ್ಪ ಬಗ್ಗಿ ಮಗಳಿಗೆ ಬಿಸ್ಕತ್ ಪೊಟ್ಟಣ ಬಿಚ್ಚುತ್ತಿದ್ದ. ಪೊಟ್ಟಣದ ಸರಸರ ಸದ್ದೂ ಬಂತು.

ಗುಂಬಜ್ ಮುಂದೆ ಇರುವ ಮ್ಯೂಸಿಯಂ ನೋಡಲು ಆಗಲಿಲ್ಲ. ಶುಕ್ರವಾರ ರಜೆ. ತಪ್ಪು ನನ್ನದೇ, ಮೊದಲೇ ವಿಚಾರಿಸಬೇಕಿತ್ತು.

ಊರಿನ ಪಶ್ಚಿಮ ತುದಿಗೆ ಹೋಗಲು ಆಟೋದವರನ್ನು ಕೇಳಿದೆ.

"ನೂರೈವತ್ತ ಆಕ್ಕೈತ್ರಿ."

"ಜಾಸ್ತಿ ಆಯ್ತು ಅಣ್ಣಾ."

"ಬಿಸಿಲ ನೋಡ್ರಿ ಸರ, ನಡಕೊಂಡ ಹೊಂಟ್ರ ತಿಳಿತೈತಿ."

ನಡೆದೇ ಹೋದೆ. ತಿಳಿಯಿತು ಕೂಡ. ಆಮೇಲೆ ಮಲಿಕ್-ಎ-ಮೈದಾನ್ ಮುಂದೆ ನಿಂತಾಗ ನಗು ಬಂತು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪನ್ನು 1854ರಲ್ಲಿ ಹರಾಜು ಹಾಕಿದ್ದರಂತೆ. ಬಂದ ಬೆಲೆ 150 ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು. ತೋಪಿನ ಬಾಯಿ ಸಿಂಹದ್ದು, ಹಲ್ಲುಗಳ ನಡುವೆ ಆನೆ ಸಿಕ್ಕಿಬಿದ್ದಿದೆ. ಹತ್ತಿರ ಹೋಗಿ ಹುಡುಕಿದರೆ ಮಾತ್ರ ಕಾಣುತ್ತದೆ.

ಊಟ ಖಾನಾವಳಿಯಲ್ಲಿ: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಬಡಿಸುವ ಅಕ್ಕ "ಇನ್ನೊಂದ್ ಹಾಕ್ಲ್ಯಾ?" ಅಂತ ಕೇಳುತ್ತಲೇ ತಟ್ಟೆಗೆ ಹಾಕಿಬಿಡುತ್ತಿದ್ದರು. ಬೇಡ ಅನ್ನಲು ಪುರುಸೊತ್ತೇ ಇರಲಿಲ್ಲ.

ಮಧ್ಯಾಹ್ನವೆಲ್ಲ ಇಬ್ರಾಹಿಂ ರೋಜಾದಲ್ಲಿ, ಅಂದರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿಯಲ್ಲಿ ಕಳೆದೆ. ಅಲ್ಲೂ 25 ರೂಪಾಯಿ. ನನ್ನ ಕೇಳಿದರೆ, ಗೋಲಗುಂಬಜ್‌ಗಿಂತ ಇದೇ ಚೆಂದ. ಗುಂಬಜ್ ಗಾತ್ರದಿಂದ ಬಾಯಿ ಮುಚ್ಚಿಸುತ್ತದೆ, ಇಲ್ಲಿ ಕೆತ್ತನೆ ಕೂರಿಸಿಕೊಳ್ಳುತ್ತದೆ. ಕಿಟಕಿಯ ಕಲ್ಲಿನ ಜಾಲರಿ ಬರೀ ಹೂಬಳ್ಳಿಯಲ್ಲ, ಅರಬ್ಬಿ ಅಕ್ಷರಗಳು. ಅಕ್ಷರಗಳ ಸಂದಿನಿಂದಲೇ ಒಳಗೆ ಬೆಳಕು.

ಸಂಜೆ ಬಾರಾಕಮಾನ್‌ಗೆ ಹೋದೆ, ಅಲ್ಲಿ ಟಿಕೆಟ್ ಇಲ್ಲ. ಎರಡನೇ ಅಲಿ ಆದಿಲ್ ಶಾಹ ಶುರು ಮಾಡಿ ಮುಗಿಸದೇ ಹೋದ ಗೋರಿ. ಸೂರಿಲ್ಲದ ಕಪ್ಪು ಕಮಾನುಗಳು. ಹುಲ್ಲಿನ ಮೇಲೆ ಕೂತು ಮಿರ್ಚಿ ಭಜಿ ತಿಂದೆ. ಎಣ್ಣೆ ಕೈ ಒರೆಸಿಕೊಂಡು ಎಣಿಸಿದರೆ, ಐನೂರರಲ್ಲಿ ಇನ್ನೂ 280 ಉಳಿದಿತ್ತು. ನಿಲ್ದಾಣಕ್ಕೆ ಮಾತ್ರ ಆಟೋ ಹತ್ತಿದೆ, ಚೌಕಾಸಿ ಮಾಡಲಿಲ್ಲ.