ಮುಂಗೋಪಿ ಯಾವ ಪಟ್ಟಿಗೆ?

ಧಾರವಾಡದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮನಃಶಾಸ್ತ್ರ ಕಲಿಸುವ ನಾನು, ವ್ಯಕ್ತಿತ್ವದ ಪಾಠವನ್ನು ಫ್ರಾಯ್ಡ್‌ನಿಂದ ಆರಂಭಿಸುವುದಿಲ್ಲ. ಮೊದಲು ಬರುವವರು ಅಮೆರಿಕದ ಮನಃಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್. 1936ರಲ್ಲಿ ಇವರಿಬ್ಬರು ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರನ್ನು ಬಣ್ಣಿಸುವ 17,953 ಪದಗಳನ್ನು ಆಯ್ದು ನಾಲ್ಕು ಪಟ್ಟಿ ಮಾಡಿದರು: ಸ್ಥಿರವಾದ ಗುಣ, ಆ ಹೊತ್ತಿನ ಮನಸ್ಥಿತಿ, ನೋಡುವವರ ತೀರ್ಪು, ಉಳಿದದ್ದೆಲ್ಲ. ಮೊದಲ ಪಟ್ಟಿಗೆ ಸಂದದ್ದು ಸುಮಾರು 4,500 ಮಾತ್ರ.

ಮನುಷ್ಯರ ಸ್ವಭಾವವನ್ನು ನಾಲ್ಕು ದೇಹರಸಗಳಿಂದ ವಿವರಿಸಿದ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್‌ಗೆ ಒಂದೇ ತರಗತಿ ಸಾಕು. ವಾತ, ಪಿತ್ತ, ಕಫ ಕೇಳಿ ಬೆಳೆದವರಿಗೆ ಅದು ಬೇಗ ತಿಳಿಯುತ್ತದೆ.

ಪಟ್ಟಿಯ ಕೆಲಸಕ್ಕೆ ಮಾತ್ರ ನಾನು ಅವಸರ ಮಾಡುವುದಿಲ್ಲ. ನವಲಗುಂದ, ಕುಂದಗೋಳದ ಕಡೆಯಿಂದ ಬರುವ ವಿದ್ಯಾರ್ಥಿಗಳು ಮನೆಯಲ್ಲಿ, ಓಣಿಯಲ್ಲಿ ಕೇಳಿದ ಪದಗಳನ್ನು ಬರೆದು ತರುತ್ತಾರೆ: ಜಿಪುಣ, ಹಟಮಾರಿ, ಬಾಯಿಬಡುಕಿ, ಮುಂಗೋಪಿ. 'ಒಳ್ಳೆಯವಳು' ತಕರಾರಿಲ್ಲದೆ ಮೂರನೆಯ ಪಟ್ಟಿಗೆ ಹೋಗುತ್ತದೆ. ಜಗಳ ಹತ್ತುವುದು ಮುಂಗೋಪಿಯ ಹತ್ತಿರ. ಒಬ್ಬ ವಿದ್ಯಾರ್ಥಿನಿ ಅದನ್ನು ತನ್ನ ಅಪ್ಪನಿಗಾಗಿಯೇ ಮೊದಲ ಪಟ್ಟಿಯಲ್ಲಿ ಬರೆದಿದ್ದಳು. "ಯಾವಾಗಲೂ ಸಿಟ್ಟೇ?" ಎಂದು ಗೆಳತಿ ಕೇಳಿದಳು. "ಮಳೆ ಕೈಕೊಟ್ಟು ಹೆಸರಿನ ಬಿತ್ತನೆ ನಿಂತರೆ ಮಾತನಾಡಿಸುವ ಹಾಗಿಲ್ಲ. ರಾಶಿ ಮುಗಿದ ಮೇಲೆ ಅವರಷ್ಟು ಸಮಾಧಾನಿ ಬೇರೆ ಯಾರಿಲ್ಲ," ಎಂದವಳು ತಾನೇ ಎದ್ದು ಆ ಪದವನ್ನು ಒರೆಸಿ ಎರಡನೆಯ ಪಟ್ಟಿಗೆ ಹಾಕಿದಳು. ಹಿಂದಿನ ಬೆಂಚಿನವನು ಒಪ್ಪಲಿಲ್ಲ: "ಮಳೆ ನಮ್ಮ ಕಾಕಾನಿಗೂ ಕೈಕೊಟ್ಟಿತ್ತು. ಅವರು ಒಮ್ಮೆಯೂ ರೇಗಲಿಲ್ಲವಲ್ಲ!" ಗುಣವೋ ಸಂದರ್ಭವೋ ಎಂಬ ಇದೇ ಪ್ರಶ್ನೆಯನ್ನು 1968ರಲ್ಲಿ ಮನಃಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಎತ್ತಿದಾಗ ಈ ಶಾಸ್ತ್ರವೇ ಅಲುಗಾಡಿತು. ಅದನ್ನು ನಾನು ಹೇಳಿದ್ದು ಇಬ್ಬರೂ ಪಟ್ಟು ಬಿಡದೆ ವಾದಿಸಿದ ಮೇಲೆಯೇ.

ಇಷ್ಟಾದ ಮೇಲೆ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್‌ನ ಪ್ರಯೋಗ ಹೇಳಿದರೆ ನಾಟುತ್ತದೆ. 1948ರಲ್ಲಿ ಆತ 39 ವಿದ್ಯಾರ್ಥಿಗಳಿಗೆ, ಇದು ನಿನ್ನದೇ ವ್ಯಕ್ತಿತ್ವದ ವಿವರ ಎಂದು ಒಂದೇ ಬರಹವನ್ನು ಹಂಚಿದ. ಬಹುಪಾಲು ವಾಕ್ಯಗಳು ಜ್ಯೋತಿಷ್ಯದ ಪುಸ್ತಕದವು. ಆದರೂ ಆ ವಿವರ ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅವರು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ನನ್ನ ವಿದ್ಯಾರ್ಥಿಗಳು ಈಗ ಮೊಬೈಲಿನಲ್ಲಿ ಬರುವ ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶವನ್ನು ತಂದು, ಸಾಲು ಸಾಲಾಗಿ ಪಟ್ಟಿಗೆ ಹಾಕಿ ನೋಡುತ್ತಾರೆ. ಮನಃಶಾಸ್ತ್ರದ ಅರಿವು ಎಂದು ನಾನು ಕರೆಯುವುದು ಇದನ್ನೇ. ಈ ಪಟ್ಟಿಗಳ ಸಿದ್ಧಾಂತ ಹಳೆಯದೆಂದು ಪಠ್ಯದಿಂದ ಕೈಬಿಡುವವರು ಈ ಉಪಯೋಗವನ್ನು ಗಮನಿಸಬೇಕು.

ಕಿರುಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವುದನ್ನು ನಿಲ್ಲಿಸಿದ್ದೇನೆ. 'ಗುಣ ಮತ್ತು ನಡತೆ ತೃಪ್ತಿಕರ' ಎಂಬ ಪ್ರಮಾಣಪತ್ರದ ಸಾಲನ್ನು ಕೊಟ್ಟು, ಇದು ಯಾವ ಪಟ್ಟಿಗೆ ಸೇರುತ್ತದೆ, ಹೀಗೆ ಬರೆಯಲು ಏನೇನು ನೋಡಿರಬೇಕು ಎಂದು ಕೇಳುತ್ತೇನೆ.